ಮಾಫಿಯಾದ ಊರು ಯಾವುದು?

ಯುರೋಪಿನ ಸಂಘಟಿತ ಅಪರಾಧದ ಮಾತು ಬಂದರೆ ಬಹಳಷ್ಟು ಜನರ ಮನಸ್ಸಿನಲ್ಲಿ ಒಂದು ಸಿದ್ಧ ನಕಾಶೆ ತೆರೆದುಕೊಳ್ಳುತ್ತದೆ. ದಕ್ಷಿಣಕ್ಕೂ ಪೂರ್ವಕ್ಕೂ ಗಾಢ ಬಣ್ಣ: ಸಿಸಿಲಿ, ಕಲಾಬ್ರಿಯಾ, ನೇಪಲ್ಸ್, ಅಲ್ಬೇನಿಯಾ, ಮಾಂಟೆನೆಗ್ರೊ, ರಷ್ಯಾ. ಉತ್ತರಕ್ಕೆ ಹೋದಂತೆ ಬಣ್ಣ ತಿಳಿಯಾಗುತ್ತ ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್ ಮುಟ್ಟುವಷ್ಟರಲ್ಲಿ ಹಾಳೆ ಬೆಳ್ಳಗಾಗಿರುತ್ತದೆ. ಈ ನಕಾಶೆಯ ಬೆನ್ನಿಗೆ ಒಂದು ವಿವರಣೆಯೂ ಇದೆ. ದಕ್ಷಿಣದವರಿಗೆ ಮನೆತನವೇ ಸರ್ವಸ್ವ, ಸರ್ಕಾರವೆಂದರೆ ಪರಕೀಯ, ಸೇಡು ತೀರಿಸಿಕೊಳ್ಳುವುದು ಮರ್ಯಾದೆಯ ಪ್ರಶ್ನೆ. ಉತ್ತರದವರು ಕಾನೂನಿಗೆ ತಲೆಬಾಗುವವರು, ಒಬ್ಬರನ್ನೊಬ್ಬರು ನಂಬುವವರು. ಹಾಗಾಗಿ ಮಾಫಿಯಾ ಎಂಬುದು ಒಂದು ಸೀಮೆಯ ಜನರ ಸ್ವಭಾವದೋಷ. ಉತ್ತರದಲ್ಲಿ ಎಲ್ಲಾದರೂ ಅದು ಕಾಣಿಸಿಕೊಂಡರೆ ಹೊರಗಿನಿಂದ ಬಂದ ಸೋಂಕು. ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಿರುವುದು ನಿಜ. ಆದರೆ ಆ ವ್ಯತ್ಯಾಸ ಏತರದ್ದು ಎಂಬಲ್ಲಿ ಈ ನಂಬಿಕೆ ಎಡವುತ್ತದೆ.

ಈ ನಂಬಿಕೆಯನ್ನು ಸಿನಿಮಾದ ಪ್ರಭಾವ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅದಕ್ಕೆ ಗಟ್ಟಿ ವಿದ್ವಾಂಸರ ಬೆಂಬಲವಿದೆ. ಅಮೆರಿಕದ ಎಡ್ವರ್ಡ್ ಬ್ಯಾನ್‌ಫೀಲ್ಡ್ 1958ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದಕ್ಷಿಣ ಇಟಲಿಯ ಒಂದು ಬಡ ಹಳ್ಳಿಯನ್ನು ಅಭ್ಯಸಿಸಿ, ಅಲ್ಲಿನವರು ತಮ್ಮ ಸಂಸಾರದ ತತ್ಕಾಲದ ಲಾಭದಾಚೆಗೆ ಏನನ್ನೂ ಯೋಚಿಸರು, ಊರೊಟ್ಟಿನ ಕೆಲಸಕ್ಕೆ ಕೈಜೋಡಿಸರು ಎಂದು ವಾದಿಸಿದ. 1993ರಲ್ಲಿ ರಾಬರ್ಟ್ ಪಟ್ನಮ್ ಇಟಲಿಯ ಪ್ರಾಂತೀಯ ಸರ್ಕಾರಗಳನ್ನು ತೂಗಿ ನೋಡಿ ಎಮಿಲಿಯಾ-ರೊಮಾನ್ಯಾವನ್ನು ಎಲ್ಲಕ್ಕಿಂತ ಮೇಲೆ, ಕಲಾಬ್ರಿಯಾವನ್ನು ತೀರ ಕೆಳಗೆ ಇಟ್ಟ. ಉತ್ತರದಲ್ಲಿ ಮಧ್ಯಯುಗದಿಂದಲೂ ಬೆಳೆದುಬಂದ ನಾಗರಿಕ ಬದುಕಿನ ಪರಂಪರೆ, ಸಂಘಜೀವನ, ಪರಸ್ಪರ ನಂಬಿಕೆಗಳೇ ಅದಕ್ಕೆ ಕಾರಣ ಎಂದ. ಜೊತೆಗೆ, ಸಿಸಿಲಿಯ ಮಾಫಿಯಾ, ನೇಪಲ್ಸಿನ ಕಮೊರಾ, ಕಲಾಬ್ರಿಯಾದ ಎನ್‌ಡ್ರಾಂಗೆಟಾ ಎಂಬ ಮೂರು ಹೆಸರುಗಳೂ ಹುಟ್ಟಿದ್ದು ಇಟಲಿಯ ದಕ್ಷಿಣದಲ್ಲೇ. ಇದಿಷ್ಟೂ ಕಣ್ಣೆದುರಿಗೆ ಇರುವಾಗ ನಂಬಿಕೆ ಬೇರೂರಿದ್ದರಲ್ಲಿ ಅಚ್ಚರಿಯಿಲ್ಲ. ಹಾಗಾಗಿ ಅದನ್ನು ಬೈಯುವ ಬದಲು ಪರೀಕ್ಷೆಗೆ ಒಡ್ಡಬೇಕು. ಜನರ ಸ್ವಭಾವವೋ, ಅದರ ಜೊತೆಗೇ ಹೇಳುವ ಬಡತನವೋ ಕಾರಣವಾಗಿದ್ದರೆ ಮೂರು ಸಂಗತಿಗಳು ಕಾಣಬೇಕು: ಸ್ವಭಾವ, ಬಡತನಗಳು ಸಮಾನವಾಗಿರುವ ಕಡೆ ಮಾಫಿಯಾವೂ ಸಮಾನವಾಗಿರಬೇಕು, ನಂಬಿಕೆಯ ಸಮಾಜಕ್ಕೆ ಅದನ್ನು ಕೊಂಡೊಯ್ದರೆ ಅಲ್ಲಿ ಬೇರು ಬಿಡಬಾರದು, ಸಿರಿವಂತ, ದಕ್ಷ ಸರ್ಕಾರಗಳಿರುವ ಕಡೆ ಅದು ಚಿಲ್ಲರೆ ಸಂಗತಿಯಾಗಿ ಉಳಿಯಬೇಕು.

ಮೊದಲ ಪರೀಕ್ಷೆಯಲ್ಲೇ ತೊಡಕು ಎದುರಾಗುತ್ತದೆ. ಬ್ಯಾನ್‌ಫೀಲ್ಡ್ ಅಭ್ಯಸಿಸಿದ ಹಳ್ಳಿ ಇರುವುದು ಬಸಿಲಿಕಾಟಾ ಪ್ರಾಂತದಲ್ಲಿ. ಕಲಾಬ್ರಿಯಾ ಒಂದು ಮಗ್ಗುಲಿಗೆ, ನೇಪಲ್ಸಿನ ಕಂಪಾನಿಯಾ ಇನ್ನೊಂದು ಮಗ್ಗುಲಿಗೆ; ನಡುವೆ ಬಸಿಲಿಕಾಟಾ. ಅಪನಂಬಿಕೆಯ ಸಮಾಜ ಹೇಗಿರುತ್ತದೆ ಎಂಬುದಕ್ಕೆ ಪಾಠಪುಸ್ತಕದ ಉದಾಹರಣೆಯಾದ ಈ ಬಡ ಸೀಮೆ ಮಾಫಿಯಾದ ಹಳೆಯ ನೆಲೆಗಳಲ್ಲಿ ಒಂದಲ್ಲ! ಸಿಸಿಲಿಯೊಳಗೂ ಇದೇ ಕತೆ. ಮಾಫಿಯಾ ಬೆಳೆದದ್ದು ದ್ವೀಪದ ಪಶ್ಚಿಮಕ್ಕೆ: ಪಾಲೆರ್ಮೊ, ತ್ರಾಪಾನಿ, ಅಗ್ರಿಜೆಂಟೊ ಸುತ್ತಮುತ್ತ. ಪೂರ್ವದ ಸಿರಾಕೂಸಾ, ರಗೂಸಾ, ಮೆಸ್ಸೀನಾ ಜಿಲ್ಲೆಗಳನ್ನು ಸಿಸಿಲಿಯವರೇ ಬಹುಕಾಲ ‘ಬಾಬ್ಬೆ’ ಎಂದು ಕರೆಯುತ್ತಿದ್ದರು. ಪೆದ್ದು ಜಿಲ್ಲೆಗಳು ಎಂದು ಅರ್ಥ. ಮಾಫಿಯಾ ಕಟ್ಟುವಷ್ಟು ಚಾಲಾಕು ಇಲ್ಲದವು ಎಂಬ ಗೇಲಿ. ಅದೇ ಭಾಷೆ, ಅದೇ ಧರ್ಮ, ಅದೇ ಮನೆತನದ ಅಭಿಮಾನ, ಅದೇ ಆಳರಸರು. ಫಲ ಮಾತ್ರ ಬೇರೆ. ಕಾರಣ ಎರಡು ಕಡೆಯೂ ಒಂದೇ ಇದ್ದು ಕಾರ್ಯ ಬೇರೆಯಾದರೆ, ಕಾರಣವೆಂದು ನಾವು ಹಿಡಿದದ್ದೇ ತಪ್ಪಿರಬೇಕು.

ಬಡತನದ ವಾದವೂ ಇಲ್ಲಿ ನಿಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಫಿಯಾ ಮೊಳೆತ ನೆಲಗಳಲ್ಲೊಂದು ಪಾಲೆರ್ಮೊದ ಸುತ್ತಣ ನಿಂಬೆ ತೋಟಗಳು. ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ನಿಂಬೆ ಜಾತಿಯ ಹಣ್ಣು ಮದ್ದೆಂದು ಜೇಮ್ಸ್ ಲಿಂಡ್ 1753ರಲ್ಲಿ ಬರೆದ ಮೇಲೆ ಬೇಡಿಕೆ ಏರುತ್ತ ಹೋಗಿ, ಆ ತೋಟಗಳು ಚಿನ್ನದ ಬೆಲೆ ಬಾಳತೊಡಗಿದವು. ಅಲ್ಲಿ 1872ರಲ್ಲಿ ಗಾಲಾಟಿ ಎಂಬ ಶಸ್ತ್ರವೈದ್ಯ ತನ್ನ ಹೆಂಡತಿಯ ಕಡೆಯವರ ಒಂದು ತೋಟದ ಮೇಲ್ವಿಚಾರಣೆ ವಹಿಸಿಕೊಂಡ. ನೀರೆತ್ತಲು ಉಗಿಯ ಪಂಪು ಹಾಕಿಸಿದ್ದ, ಆ ಕಾಲಕ್ಕೆ ಅಚ್ಚ ಆಧುನಿಕವಾದ ತೋಟ ಅದು. ಆದರೆ ಅದರ ಕಾವಲುಗಾರ ಫಸಲಿನ ಬೆಲೆಯಲ್ಲಿ ದೊಡ್ಡ ಪಾಲನ್ನು ತನಗೆಂದು ಮುರಿದುಕೊಳ್ಳುತ್ತಿದ್ದ, ಪಂಪಿನ ಕಲ್ಲಿದ್ದಲನ್ನೂ ಕದಿಯುತ್ತಿದ್ದ. ವೈದ್ಯ ಅವನನ್ನು ಕೆಲಸದಿಂದ ತೆಗೆದ. ಅವನ ಜಾಗಕ್ಕೆ ಬಂದವನನ್ನು ಗುಂಡಿಟ್ಟು ಕೊಂದರು. ಬೆದರಿಕೆ ಪತ್ರಗಳು ಬಂದವು, ಪೊಲೀಸರು ಕೈಚೆಲ್ಲಿದರು, 1875ರಲ್ಲಿ ವೈದ್ಯ ಸಂಸಾರ ಸಮೇತ ನೇಪಲ್ಸಿಗೆ ಓಡಿ ಅಲ್ಲಿಂದ ಗೃಹಮಂತ್ರಿಗೆ ಅಹವಾಲು ಬರೆದ. ನಿಂಬೆ ತೋಟದ ಲೆಕ್ಕಾಚಾರ ತಿಳಿದರೆ ಇದರ ಒಳಮರ್ಮ ಹೊಳೆಯುತ್ತದೆ. ಗಿಡ ಫಲಕ್ಕೆ ಬರಲು ವರ್ಷಗಳು ಬೇಕು, ಅಲ್ಲಿಯವರೆಗೆ ಹಣ ಸುರಿಯುತ್ತಲೇ ಇರಬೇಕು. ಕಳ್ಳರಿಗೆ ಫಸಲು ಇಳಿಸಲು ಒಂದು ರಾತ್ರಿ ಸಾಕು, ನೀರು ಕಟ್ಟಿದರೆ ತೋಟವೇ ಒಣಗುತ್ತದೆ. ಅಂಥ ಆಸ್ತಿಗೆ ಕಾವಲು ಬೇಕೇ ಬೇಕು. ಊಳಿಗಮಾನ್ಯ ವ್ಯವಸ್ಥೆ 1812ರಲ್ಲೇ ಕಾನೂನಿನ ಮಟ್ಟಿಗೆ ಹೋಗಿತ್ತು, ದೊರೆಗಳ ಖಾಸಗಿ ಪಡೆಗಳು ಚದುರಿದ್ದವು, 1861ರ ಹೊಸ ಇಟಲಿ ಸರ್ಕಾರದ ಕೈ ತೋಟದ ಬೇಲಿಯವರೆಗೆ ಚಾಚುತ್ತಿರಲಿಲ್ಲ. ಕೊಳ್ಳುವವರಿದ್ದರು, ಸರ್ಕಾರಿ ಸರಕು ಇರಲಿಲ್ಲ. ಖಾಸಗಿ ಮಾರಾಟಗಾರರು ಹುಟ್ಟಿಕೊಂಡರು. ಸಿಸಿಲಿಯ ಸ್ಥಿತಿಗತಿಯನ್ನು 1876ರಲ್ಲಿ ಸುತ್ತಿ ನೋಡಿದ ಇಟಲಿಯ ವಿದ್ವಾಂಸ ಲಿಯೊಪೊಲ್ಡೊ ಫ್ರಾಂಕೆಟ್ಟಿ ಹಿಂಸೆ ಅಲ್ಲಿ ಒಂದು ಉದ್ಯಮವಾಗಿದೆ ಎಂದು ಗುರುತಿಸಿದ್ದ. ಶತಮಾನದಾಚೆ ಸಮಾಜಶಾಸ್ತ್ರಜ್ಞ ದಿಯೆಗೊ ಗಂಬೆಟ್ಟಾ ಅದನ್ನೇ ರಕ್ಷಣೆಯ ವ್ಯಾಪಾರ ಎಂಬ ಸಿದ್ಧಾಂತವಾಗಿ ಬೆಳೆಸಿದ. ಏನೂ ಇಲ್ಲದ ಕಡೆ ಹಫ್ತಾ ಎತ್ತಲು ಯಾರೂ ಬರುವುದಿಲ್ಲ.

ಎರಡನೆಯ ಪರೀಕ್ಷೆ ಸ್ಥಳಾಂತರದ್ದು. ಇಟಲಿಯ ವಾಯವ್ಯ ಅಂಚಿನಲ್ಲಿ, ಫ್ರಾನ್ಸ್ ಗಡಿಯ ಬಳಿ, ಬಾರ್ಡೊನೆಕ್ಕಿಯಾ ಎಂಬ ಸ್ಕೀಯಿಂಗ್ ಪಟ್ಟಣವಿದೆ. ಮಾಫಿಯಾ ನುಸುಳಿದೆ ಎಂಬ ಕಾರಣಕ್ಕೆ 1995ರಲ್ಲಿ ಅದರ ಪುರಸಭೆಯನ್ನು ಸರ್ಕಾರ ಸೂಪರ್‌ಸೀಡ್ ಮಾಡಿತು. ಉತ್ತರ ಇಟಲಿಯಲ್ಲಿ ಅದೇ ಮೊದಲು. ಸಮಾಜಶಾಸ್ತ್ರಜ್ಞ ಫೆಡೆರಿಕೊ ವರೇಸೆ ಈ ಪಟ್ಟಣವನ್ನು ವೆರೋನಾ ನಗರದ ಪಕ್ಕದಲ್ಲಿಟ್ಟು ನೋಡಿದ. ಎರಡೂ ಕಡೆಗೆ ದಕ್ಷಿಣದಿಂದ ಜನ ವಲಸೆ ಬಂದಿದ್ದರು, ಎರಡೂ ಕಡೆ ಮಾಫಿಯಾದ ಮಂದಿ ಕಾಲಿಟ್ಟಿದ್ದರು. ವೆರೋನಾದಲ್ಲಿ ಬೇರು ಹಿಡಿಯಲಿಲ್ಲ, ಬಾರ್ಡೊನೆಕ್ಕಿಯಾದಲ್ಲಿ ಹಿಡಿಯಿತು. ಏಕೆಂದರೆ ಅಲ್ಲಿ ಕಟ್ಟಡ ಕೆಲಸ ಒಮ್ಮೆಲೇ ಉಬ್ಬಿತ್ತು. ಲೆಕ್ಕಕ್ಕೆ ತೋರಿಸದ ಕೂಲಿಯಾಳುಗಳನ್ನು ತರಲು, ಅವರ ಬಾಯಿ ಮುಚ್ಚಿಸಲು, ಹೊರಗಿನ ಪೈಪೋಟಿಗಾರರನ್ನು ದೂರವಿಡಲು ಸ್ಥಳೀಯ ಗುತ್ತಿಗೆದಾರರಿಗೆ ಯಾರಾದರೂ ಬೇಕಾಗಿದ್ದರು. ಇದಕ್ಕಿಂತ ಮೊನಚಾದ ಉದಾಹರಣೆ ಪಟ್ನಮ್ ನಾಗರಿಕತೆಯ ಮಾದರಿ ಎಂದು ಎತ್ತಿಹಿಡಿದ ಎಮಿಲಿಯಾ-ರೊಮಾನ್ಯಾದ್ದೇ. ಅಲ್ಲಿನ ಬ್ರೆಷೆಲ್ಲೊ, ಪಾದ್ರಿ ಡಾನ್ ಕಮಿಲ್ಲೊ ಮತ್ತು ಕಮ್ಯುನಿಸ್ಟ್ ಮೇಯರ್ ಪೆಪ್ಪೋನೆ ಜಗಳವಾಡುವ ಹಳೆಯ ಹಾಸ್ಯ ಚಿತ್ರಗಳ ಊರು. 2016ರಲ್ಲಿ ಆ ಊರಿನ ಆಡಳಿತವೂ ಮಾಫಿಯಾ ನಂಟಿನ ಕಾರಣಕ್ಕೆ ಸೂಪರ್‌ಸೀಡ್ ಆಯಿತು. ‘ಎಮಿಲಿಯಾ’ ಎಂದೇ ಹೆಸರಾದ ಮೊಕದ್ದಮೆಯಲ್ಲಿ 2018ರಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಸುಳ್ಳು ಇನ್‌ವಾಯ್ಸ್ ಬರೆದು ತೆರಿಗೆ ತಪ್ಪಿಸುವುದು ಅಲ್ಲಿ ಬಯಲಾದ ಮುಖ್ಯ ದಂಧೆಗಳಲ್ಲಿ ಒಂದು. ಸಾಮಾನು ಕಲಾಬ್ರಿಯಾದ ಕೂತ್ರೊ ಪಟ್ಟಣದಿಂದ ಬಂದಿರಬಹುದು, ಕೊಂಡವರು ಸ್ಥಳೀಯ ಉದ್ಯಮಿಗಳು. ನಂಬಿಕೆಯ ಸಮಾಜದಲ್ಲಿ ಬೇರು ಬಿಡದು ಎಂಬ ಮಾತು ಇಲ್ಲಿ ಸುಳ್ಳಾಯಿತು. ಸೋಂಕಿನ ಉಪಮೆಯೂ ಸುಳ್ಳಾಯಿತು, ಏಕೆಂದರೆ ಸೋಂಕನ್ನು ಯಾರೂ ದುಡ್ಡು ಕೊಟ್ಟು ಮನೆಗೆ ಕರೆಸಿಕೊಳ್ಳುವುದಿಲ್ಲ.

ಮೂರನೆಯ ಪರೀಕ್ಷೆ ಸಿರಿವಂತ, ದಕ್ಷ ದೇಶಗಳದ್ದು. ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ 2023ರಲ್ಲಿ ವಶಪಡಿಸಿಕೊಂಡ ಕೊಕೇನ್ 110 ಟನ್ನಿಗೂ ಹೆಚ್ಚು. ಹಾಲೆಂಡಿನಲ್ಲಿ 2019ರಲ್ಲಿ ಸರ್ಕಾರಿ ಸಾಕ್ಷಿಯೊಬ್ಬನ ವಕೀಲನನ್ನು ಕೊಂದರು. 2021ರ ಜುಲೈನಲ್ಲಿ ಅದೇ ಸಾಕ್ಷಿಗೆ ಸಲಹೆಗಾರನಾಗಿದ್ದ ಹೆಸರಾಂತ ಪತ್ರಕರ್ತ ಪೀಟರ್ ಆರ್. ಡಿ ವ್ರೀಸ್‌ಗೆ ಆಮ್‌ಸ್ಟರ್‌ಡ್ಯಾಮಿನ ನಡುಬೀದಿಯಲ್ಲಿ ಗುಂಡಿಟ್ಟರು. ಸ್ವೀಡನ್ನಿನಲ್ಲಿ 2022ರಲ್ಲಿ ಗುಂಡೇಟಿಗೆ ಸತ್ತವರು 60ಕ್ಕೂ ಹೆಚ್ಚು ಮಂದಿ. ಇದನ್ನು ಇಟಲಿಯ ಪಕ್ಕದಲ್ಲಿಟ್ಟು ನೋಡಬೇಕು. ಇಟಲಿಯಲ್ಲಿ 1991ರಲ್ಲಿ ಸುಮಾರು 1,900 ಕೊಲೆಗಳಾಗಿದ್ದವು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 350ರ ಒಳಗೇ ಇದೆ. ಜನಸಂಖ್ಯೆಗೆ ಹೋಲಿಸಿದರೆ 2022ರಲ್ಲಿ ಸ್ವೀಡನ್ನಿನ ಕೊಲೆಯ ಪ್ರಮಾಣ ಇಟಲಿಯದರ ಸುಮಾರು ಎರಡರಷ್ಟಿತ್ತು. ಹೆಣಗಳನ್ನು ಎಣಿಸಿ ನಕಾಶೆಗೆ ಬಣ್ಣ ಬಳಿಯುವುದಾದರೆ ಇಂದು ಇಟಲಿಗೆ ಬಿಳಿ, ಸ್ವೀಡನ್ನಿಗೆ ಕಪ್ಪು ಬಳಿಯಬೇಕಾಗುತ್ತದೆ. ಕಲಾಬ್ರಿಯಾದ ಜಾಲ ಸೊರಗಿದೆ ಎಂದು ಇದರಿಂದ ಯಾರೂ ತೀರ್ಮಾನಿಸುವುದಿಲ್ಲ. ಕೊಲೆಯ ಲೆಕ್ಕ ಅಪರಾಧದ ಬಲವನ್ನು ಅಳೆಯುವುದಿಲ್ಲ. ಅದು ಅಳೆಯುವುದು ಪೈಪೋಟಿಯನ್ನು. ಯಾರದು ಯಾವ ಬೀದಿ ಎಂದು ಇತ್ಯರ್ಥವಾದ ಕಡೆ ಗುಂಡು ಹಾರಿಸುವ ಅಗತ್ಯ ಬೀಳುವುದಿಲ್ಲ. ಇನ್ನೊಂದು ಅಳತೆಗೋಲು ಕಾನೂನಿನದು, ಅದೂ ಡೊಂಕೇ. ಇಟಲಿಯ ದಂಡಸಂಹಿತೆಗೆ 1982ರಲ್ಲಿ ಮಾಫಿಯಾ ಮಾದರಿಯ ಕೂಟಕ್ಕೆ ಸೇರುವುದನ್ನೇ ಅಪರಾಧವೆನ್ನುವ ಕಲಮು ಸೇರಿತು. ಇಂಥ ಕಲಮು ಇರುವಲ್ಲಿ ಮಾಫಿಯಾ ಕಡತಗಳಲ್ಲಿ ತುಂಬಿ ತುಳುಕುತ್ತದೆ, ಇಲ್ಲದಲ್ಲಿ ಅದೇ ಜನ ಹೋಟೆಲ್ ಮಾಲೀಕರೆಂದೋ ಗುತ್ತಿಗೆದಾರರೆಂದೋ ದಾಖಲಾಗುತ್ತಾರೆ. ಜರ್ಮನಿಯ ಡ್ಯೂಸ್‌ಬರ್ಗ್ ನಗರದಲ್ಲಿ 2007ರ ಆಗಸ್ಟಿನಲ್ಲಿ ಇಟಾಲಿಯನ್ ಹೋಟೆಲೊಂದರ ಮುಂದೆ ಆರು ಹೆಣ ಬಿದ್ದಾಗಲೇ, ಕಲಾಬ್ರಿಯಾದ ಜಾಲ ತಮ್ಮ ನಡುವೆಯೂ ಇದೆ ಎಂದು ಬಹಳಷ್ಟು ಜರ್ಮನ್ನರಿಗೆ ಗೊತ್ತಾದದ್ದು. ಹೆಣ ಬೀಳುವ ಮುಂಚೆಯೂ ಆ ಜಾಲ ಅಲ್ಲಿತ್ತು.

ಹಾಗಾದರೆ ಪ್ರದೇಶಗಳ ನಡುವಿನ ವ್ಯತ್ಯಾಸ ಎಂಥದು? ಅದು ಕಸುಬಿನ ವ್ಯತ್ಯಾಸ ಎಂದು ನನ್ನ ವಾದ. ಸಂಘಟಿತ ಅಪರಾಧ ಮಾರುವುದು ಒಂದೇ ಸರಕನ್ನಲ್ಲ, ಕಡೇ ಪಕ್ಷ ಮೂರನ್ನು. ಆಯಾ ಸೀಮೆಯಲ್ಲಿ ಯಾವುದಕ್ಕೆ ಗಿರಾಕಿಯಿದೆಯೋ ಅದರ ರೂಪವನ್ನು ಅದು ತಾಳುತ್ತದೆ.

1. ರಕ್ಷಣೆ. ಆಸ್ತಿಯನ್ನೂ ಕರಾರನ್ನೂ ಸರ್ಕಾರ ಕಾಯಲಾರದ ಕಡೆ ಕಾಯುವವನೇ ಕೊಳ್ಳೆಗಾರನೂ ಆಗುತ್ತಾನೆ. ಪಾಲೆರ್ಮೊದ ತೋಟಗಳಲ್ಲಿ ಆದದ್ದು ಇದು. ಸೋವಿಯತ್ ಒಕ್ಕೂಟ ಕುಸಿದ ಮೇಲೆ 1990ರ ದಶಕದ ರಷ್ಯಾದಲ್ಲಿ ಆದದ್ದೂ ಇದೇ. ಅಲ್ಲಿ ಅದರ ಹೆಸರು ‘ಕ್ರಿಶಾ’, ಅಂದರೆ ಸೂರು. ಅಂಗಡಿ ತೆರೆದವನನ್ನು ಮೊದಲು ಕೇಳುತ್ತಿದ್ದುದು ನಿನ್ನ ಸೂರು ಯಾರು ಎಂದು.

2. ದಾರಿ. ನಿಷೇಧಿತ ಸರಕನ್ನು ದಾಟಿಸಲು ಬಂದರು, ಗಡಿ, ಕರಾವಳಿ ಬೇಕು. ಸ್ಪೇನಿನ ಗಲೀಸಿಯಾ ತೀರದಲ್ಲಿ ಕಳ್ಳ ಸಿಗರೇಟು ಇಳಿಸುತ್ತಿದ್ದ ದೋಣಿಗಳೇ 1980ರ ದಶಕದಲ್ಲಿ ಕೊಕೇನ್ ಇಳಿಸತೊಡಗಿದವು. ಯುಗೊಸ್ಲಾವಿಯಾದ ಯುದ್ಧ ಮತ್ತು 1992ರ ದಿಗ್ಬಂಧನದ ವರ್ಷಗಳಲ್ಲಿ ಕಳ್ಳಸಾಗಣೆಯೇ ಮಾಂಟೆನೆಗ್ರೊದ ಆದಾಯವಾಗಿ, ಎದುರು ದಡದ ಇಟಲಿಗೆ ವೇಗದ ದೋಣಿಗಳಲ್ಲಿ ಸಿಗರೇಟು ಸಾಗುತ್ತಿತ್ತು. ರಾಟರ್‌ಡ್ಯಾಮ್, ಆಂಟ್‌ವರ್ಪ್‌ಗಳ ಪಾಲಿಗೆ ಬಂದಿರುವುದೂ ದಾರಿಯ ಕಸುಬೇ.

3. ತೊಳೆಯುವುದು. ಕಪ್ಪುಹಣವನ್ನು ಬಿಳಿ ಮಾಡಲು ಜನ ನಂಬುವ ಬ್ಯಾಂಕು, ಗಟ್ಟಿ ನಾಣ್ಯ, ಏರುವ ಜಮೀನಿನ ಬೆಲೆ, ಆಸ್ತಿಹಕ್ಕನ್ನು ಕಾಯುವ ಕೋರ್ಟು ಬೇಕು. ಇವೆಲ್ಲ ಹೇರಳವಾಗಿರುವುದು ಉತ್ತರದಲ್ಲಿ.

ಮೂರನೆಯದನ್ನು ತುಸು ನಿಂತು ನೋಡಬೇಕು. ಡೆನ್ಮಾರ್ಕಿನ ಡಾನ್ಸ್‌ಕೆ ಬ್ಯಾಂಕಿನ ಎಸ್ಟೋನಿಯಾದ ಪುಟ್ಟ ಶಾಖೆಯೊಂದರ ಮೂಲಕ 2007ರಿಂದ 2015ರವರೆಗೆ, ಹೆಚ್ಚಾಗಿ ರಷ್ಯಾ ಮತ್ತು ಹಳೆಯ ಸೋವಿಯತ್ ಸೀಮೆಯ, ಎಸ್ಟೋನಿಯಾದಲ್ಲಿ ನೆಲೆಸದ ಗ್ರಾಹಕರದ್ದಾದ, ಸುಮಾರು 200 ಬಿಲಿಯನ್ ಯೂರೊ ಹರಿದುಹೋಯಿತು. ಅದರಲ್ಲಿ ದೊಡ್ಡ ಪಾಲು ಶಂಕಾಸ್ಪದ ಎಂದು 2018ರಲ್ಲಿ ಬ್ಯಾಂಕೇ ನಡೆಸಿದ ವಿಚಾರಣೆ ಒಪ್ಪಿಕೊಂಡಿತು. 2022ರಲ್ಲಿ ಬ್ಯಾಂಕು ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿ ಸುಮಾರು 2 ಬಿಲಿಯನ್ ಡಾಲರ್ ತೆರಲು ಸಮ್ಮತಿಸಿತು. ಅದೇ 2018ರ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸೂಚ್ಯಂಕದಲ್ಲಿ ಜಗತ್ತಿನ ಅತ್ಯಂತ ಕಡಿಮೆ ಭ್ರಷ್ಟ ದೇಶದ ಪಟ್ಟ ಡೆನ್ಮಾರ್ಕಿಗೆ ದಕ್ಕಿತ್ತು. ಎರಡರ ನಡುವೆ ವಿರೋಧವಿದೆ ಎಂದು ಕಾಣುವುದು ಸಿದ್ಧ ನಕಾಶೆಯನ್ನು ಮುಂದಿಟ್ಟುಕೊಂಡವರಿಗೆ ಮಾತ್ರ. ಹಣ ತೊಳೆಯಬೇಕಾದವನಿಗೆ ಬೇಕಿರುವುದು ಸಂಶಯ ಹುಟ್ಟಿಸದ ವಿಳಾಸ. ಉತ್ತರದ ಒಳ್ಳೆಯ ಹೆಸರೇ ಅಲ್ಲಿ ಮಾರಾಟದ ಸರಕು. 2024ರಲ್ಲಿ ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಗುರುತಿಸಿದ 821 ಅತಿ ಅಪಾಯಕಾರಿ ಜಾಲಗಳಲ್ಲಿ ಶೇ. 86ರಷ್ಟು ಕಾನೂನುಬದ್ಧ ಉದ್ದಿಮೆಗಳನ್ನು ಬಳಸುತ್ತಿದ್ದವು. ಅವುಗಳ ಲಾಭ ಸೇರುವ ಊರುಗಳನ್ನು ಹಳೆಯ ನಕಾಶೆಯ ಕಪ್ಪು ಭಾಗದಲ್ಲಷ್ಟೇ ಹುಡುಕಿದರೆ ಲೆಕ್ಕ ತಾಳೆಯಾಗದು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳು ಸಣ್ಣವಲ್ಲ. ಮೊದಲನೆಯದು: ಸಂಸ್ಕೃತಿಗೆ ಬೆಲೆಯೇ ಇಲ್ಲವೆ? ಸಿಸಿಲಿಯ ‘ಒಮೆರ್ತಾ’, ಕೊಂದವನನ್ನು ಕಂಡರೂ ಕಂಡಿಲ್ಲವೆನ್ನುವ ಆ ಮೌನ, ಕಟ್ಟುಕತೆಯೇ? ಮೌನ ನಿಜ. ಆದರೆ ಅದನ್ನು ಕಾರಣವೆಂದು ಎಣಿಸುವ ಮುನ್ನ, ಸಾಕ್ಷಿ ಹೇಳಿದವನಿಗೆ ಏನಾಗುತ್ತಿತ್ತು ಎಂದು ಕೇಳಬೇಕು. ಪಾಲೆರ್ಮೊದ ಬಟ್ಟೆ ಕಾರ್ಖಾನೆಯ ಒಡೆಯ ಲಿಬೆರೊ ಗ್ರಾಸ್ಸಿ ತಾನು ಹಫ್ತಾ ಕೊಡುವುದಿಲ್ಲ ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಸಾರಿದ. 1991ರ ಆಗಸ್ಟಿನಲ್ಲಿ ಅವನನ್ನು ಕೊಂದರು. ಅಂಥಲ್ಲಿ ಬಾಯಿ ಮುಚ್ಚಿಕೊಳ್ಳುವುದಕ್ಕೆ ವಂಶಪಾರಂಪರ್ಯದ ಗುಣವೇನೂ ಬೇಕಿಲ್ಲ. ಲೆಕ್ಕ ಬದಲಾದಾಗ ನಡತೆಯೂ ಬದಲಾಯಿತು ಎಂಬುದೇ ಇದಕ್ಕೆ ಸಾಕ್ಷಿ. ಸುಮಾರು 475 ಮಾಫಿಯಾ ಆರೋಪಿಗಳ ಮಹಾ ವಿಚಾರಣೆಯ ಶಿಕ್ಷೆಗಳನ್ನು 1992ರ ಜನವರಿಯಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದೇ ವರ್ಷ ನ್ಯಾಯಾಧೀಶರಾದ ಫಲ್ಕೋನೆ, ಬೊರ್ಸೆಲ್ಲಿನೊ ಮಾಫಿಯಾದ ಬಾಂಬಿಗೆ ಬಲಿಯಾದ ಮೇಲೆ ಸರ್ಕಾರ ಬಿಗಿಯಾಯಿತು. 2004ರಲ್ಲಿ ಪಾಲೆರ್ಮೊದ ಯುವಕರು ‘ಅದ್ದಿಯೊಪಿಝೊ’ (ಹಫ್ತಾಕ್ಕೆ ವಿದಾಯ) ಎಂಬ ಚಳವಳಿ ಕಟ್ಟಿದರು. ಮುಂದೆ ನೂರಾರು ಅಂಗಡಿಗಳು ತಾವು ಹಫ್ತಾ ಕೊಡುವುದಿಲ್ಲವೆಂದು ಬಾಗಿಲ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡವು. ನೂರಾರು ವರ್ಷದ ಸಂಸ್ಕೃತಿ ಎಂದು ಕರೆಸಿಕೊಂಡದ್ದು ಒಂದು ತಲೆಮಾರಿನೊಳಗೇ ಇಷ್ಟು ಜಗ್ಗುವುದಾದರೆ, ಅದರ ಬಹುಪಾಲು ಭಯವೇ ಇದ್ದಿರಬೇಕು. ಆದರೂ ಅಭ್ಯಾಸಕ್ಕೆ ತನ್ನದೇ ತೂಕವಿದೆ ಎಂದು ಒಪ್ಪುತ್ತೇನೆ. ಒಮ್ಮೆ ಕಟ್ಟಿಕೊಂಡ ರೂಢಿ, ಕಾರಣ ಹೋದ ಮೇಲೂ ಕೆಲಕಾಲ ಉಳಿಯುತ್ತದೆ. ಉಳಿಯುವುದಕ್ಕೆ ಕಾರಣವಾದದ್ದು ಹುಟ್ಟುವುದಕ್ಕೂ ಕಾರಣ ಎಂದು ಹೇಳುವುದಷ್ಟೇ ತಪ್ಪು.

ಎರಡನೆಯ ಆಕ್ಷೇಪ: ಇದು ಸುತ್ತಿ ಬಳಸಿ ದುರ್ಬಲ ಸರ್ಕಾರವೇ ಕಾರಣ ಎಂದಂತಾಗಲಿಲ್ಲವೆ? ಅರ್ಧ ಹೌದು. ರಕ್ಷಣೆಯ ದಂಧೆಯ ಮಟ್ಟಿಗೆ ಆ ಮಾತು ಸರಿ. ಆದರೆ ಸರ್ಕಾರದ ಬಲ ಅಪರಾಧವನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಅದರ ಕಸುಬನ್ನು ಬದಲಿಸುತ್ತದೆ. ಹಾಲೆಂಡಿನ ದಕ್ಷ ಬಂದರು, ಅಚ್ಚುಕಟ್ಟಾದ ರಸ್ತೆ, ತಡೆಯಿಲ್ಲದ ಗಡಿ ಪ್ರಾಮಾಣಿಕ ವ್ಯಾಪಾರಿಗೆ ಎಷ್ಟು ಅನುಕೂಲವೋ ಕೊಕೇನ್ ಸಾಗಿಸುವವನಿಗೂ ಅಷ್ಟೇ. ಬಲವಾದ ಸರ್ಕಾರ ತಳ್ಳಿದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಜಾರ್ಜಿಯಾ ಒಳ್ಳೆಯ ಪಾಠ. 2005ರಲ್ಲಿ ಆ ದೇಶ, ‘ವೋರಿ’ ಎಂದು ಕರೆಸಿಕೊಳ್ಳುವ ಸೋವಿಯತ್ ಕಾಲದ ಪಾತಕ ಯಜಮಾನರ ಕೂಟಕ್ಕೆ ಸೇರುವುದನ್ನೇ ಅಪರಾಧವೆಂದು ಕಾನೂನು ಮಾಡಿತು. ಅಲ್ಲಿ ಅವರ ಹಿಡಿತ ಮುರಿಯಿತು. ಹಲವರು ರಷ್ಯಾಕ್ಕೂ ಪಶ್ಚಿಮದ ದೇಶಗಳಿಗೂ ಗುಳೆ ಹೋದರು. ಜಾರ್ಜಿಯನ್ನರ ಸ್ವಭಾವ ಒಂದು ವರ್ಷದಲ್ಲಿ ಬದಲಾಗಲಿಲ್ಲ, ಬದಲಾದದ್ದು ದಂಧೆಯ ಖರ್ಚು.

ಮೂರನೆಯದು ಇಂದು ಹೆಚ್ಚು ಜೋರಾಗಿ ಕೇಳಿಬರುವ ಆಕ್ಷೇಪ: ಸ್ವೀಡನ್ನಿನ ಗುಂಡುಗಳ ಹಿಂದೆ ಇರುವುದು ವಲಸಿಗರಲ್ಲವೆ? ಆ ಗುಂಪುಗಳಲ್ಲಿ ವಲಸೆ ಬಂದ ಕುಟುಂಬಗಳ ಹುಡುಗರ ಪಾಲು ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಹೆಚ್ಚು ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೆ ಅದು ಕೂಲಿಗಳು ಎಲ್ಲಿಂದ ಸಿಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ. ಮಾರುಕಟ್ಟೆ ಏಕಿದೆ ಎಂಬುದಕ್ಕಲ್ಲ. 1994ರಿಂದ 1997ರವರೆಗೆ ಇದೇ ನಾರ್ಡಿಕ್ ದೇಶಗಳಲ್ಲಿ ಮೋಟಾರ್‌ಸೈಕಲ್ ಗ್ಯಾಂಗುಗಳ ನಡುವೆ ಕಾಳಗ ನಡೆದು, ಸೇನೆಯ ಉಗ್ರಾಣದಿಂದ ಕದ್ದ ಟ್ಯಾಂಕ್ ನಿರೋಧಕ ರಾಕೆಟ್‌ಗಳು ಹಾರಿ, ಹನ್ನೊಂದು ಮಂದಿ ಸತ್ತಿದ್ದರು. ಹೊಡೆದಾಡಿದವರು ಬಹುತೇಕ ಅಲ್ಲಿನ ಮಣ್ಣಿನ ಮಕ್ಕಳು. ನೆರೆಯ ನಾರ್ವೆ, ಡೆನ್ಮಾರ್ಕ್‌ಗಳಿಗೂ ಅವೇ ದೇಶಗಳಿಂದ ವಲಸಿಗರು ಬಂದಿದ್ದಾರೆ; ಗುಂಡೇಟಿನ ಸಾವುಗಳಲ್ಲಿ ಮಾತ್ರ ಸ್ವೀಡನ್ ಅವುಗಳಿಗಿಂತ ಬಹಳ ಮುಂದಿದೆ. ಸಮಾನವಾದದ್ದು ವ್ಯತ್ಯಾಸವನ್ನು ವಿವರಿಸಲಾರದು. ಬಸಿಲಿಕಾಟಾದ ಪಾಠವೇ ಇಲ್ಲೂ ಅನ್ವಯಿಸುತ್ತದೆ.

ರೋಗನಿದಾನ ತಪ್ಪಿದರೆ ಮದ್ದೂ ತಪ್ಪುತ್ತದೆ ಎಂಬ ಕಾರಣಕ್ಕೆ ಈ ಚರ್ಚೆ ಬೇಕು. ಜನರ ಗುಣವೇ ದೋಷವೆಂದರೆ ಉಳಿಯುವುದು ಎರಡೇ ಉಪಾಯ: ಆ ಸೀಮೆಗೆ ಸೈನ್ಯ ಕಳಿಸುವುದು, ಇಲ್ಲವೆ ಆ ಸೀಮೆಯವರನ್ನು ಒಳಗೆ ಬಿಡದಿರುವುದು. ಇಟಲಿ ಒಂದು ಕಾಲಕ್ಕೆ ಮಾಫಿಯಾ ಶಂಕಿತರನ್ನು ಅವರ ಊರಿನ ನಂಟು ಕಡಿಯಲೆಂದು ಉತ್ತರದ ಪಟ್ಟಣಗಳಿಗೆ ಗಡೀಪಾರು ಮಾಡುತ್ತಿತ್ತು; ಒಳ್ಳೆಯವರ ನಡುವೆ ಇದ್ದರೆ ಕೆಟ್ಟವರು ಸೊರಗುತ್ತಾರೆ ಎಂಬ ಭರವಸೆ ಅದರ ಹಿಂದಿತ್ತು. ಬಾರ್ಡೊನೆಕ್ಕಿಯಾಕ್ಕೆ ಹೀಗೂ ಜನ ಬಂದಿದ್ದರು. ಕಸುಬಿನ ವ್ಯತ್ಯಾಸವೆಂದು ಒಪ್ಪಿದರೆ ಪ್ರತಿ ಊರಿಗೂ ಬೇರೆ ಪ್ರಶ್ನೆ ಹಾಕಬೇಕಾಗುತ್ತದೆ: ಇಲ್ಲಿ ಕಾನೂನು ಕೊಡದೆ ಬಿಟ್ಟದ್ದು ಏನು, ಅದನ್ನು ಕೊಳ್ಳುತ್ತಿರುವವರು ಯಾರು? ಪಾಲೆರ್ಮೊದಲ್ಲಿ ಅದಕ್ಕೆ ಉತ್ತರ ಸಾಕ್ಷಿಗೆ ರಕ್ಷಣೆ ಇರಬಹುದು, ಎಮಿಲಿಯಾ-ರೊಮಾನ್ಯಾದಲ್ಲಿ ಇನ್‌ವಾಯ್ಸುಗಳ ತಪಾಸಣೆ, ಕೋಪನ್‌ಹೇಗನ್ನಿನಲ್ಲಿ ಬ್ಯಾಂಕಿನ ದೂರದ ಶಾಖೆಯ ಲೆಕ್ಕ. ಇಂದು ರಾಟರ್‌ಡ್ಯಾಮಿಗೆ ದಕ್ಷಿಣ ಅಮೆರಿಕದಿಂದ ಬಾಳೆಹಣ್ಣಿನ ಕಂಟೇನರುಗಳು ಬರುತ್ತವೆ. ಅವುಗಳಲ್ಲಿ ಕೆಲವಲ್ಲಿ ಹಣ್ಣಿನ ಜೊತೆ ಕೊಕೇನ್ ಇರುತ್ತದೆ. ಈಚಿನವರೆಗೂ ಕಂಟೇನರ್ ಬಿಡಿಸಿಕೊಳ್ಳಲು ಒಂದು ಪಿನ್ ಸಂಖ್ಯೆ ಸಾಕಾಗುತ್ತಿತ್ತು. ಆ ಸಂಖ್ಯೆ ಗೊತ್ತಿದ್ದವನು ಲಾರಿ ತಂದು ಇಡೀ ಡಬ್ಬವನ್ನೇ ಒಯ್ಯಬಹುದಿತ್ತು. ಆ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ನೋಡಬಲ್ಲವನಾಗಿದ್ದ ನೌಕರ ಸರ್ಕಾರಿ ಶಾಲೆಯಲ್ಲಿ ಓದಿದವನು, ತೆರಿಗೆ ಕಟ್ಟುವವನು, ನೆರೆಯವರನ್ನು ನಂಬುವವನು ಇದ್ದಿರಬಹುದು. 1872ರ ನಿಂಬೆ ತೋಟದ ಕಾವಲುಗಾರನ ಹಾಗೆ ಅವನ ಬಳಿಯೂ ಇದ್ದದ್ದು ಒಂದು ಬಾಗಿಲಿನ ಬೀಗದ ಕೈ, ಅದರ ಆಚೆಗೆ ಬೆಲೆಬಾಳುವ ಹಣ್ಣು. ಇಬ್ಬರ ನಡುವಿನ ಸಾಮ್ಯವನ್ನು ಹೇಳಬೇಕಾದರೆ ಅವರ ರಕ್ತ, ಭಾಷೆ, ಮನೆತನಗಳ ಸುದ್ದಿ ಬೇಕಾಗುವುದಿಲ್ಲ.